ಸೌರಮಾರುತ ಮತ್ತು ಭೂಮಿಯ ಕಾಂತಗೋಳ

ಸೂರ್ಯನ ಹೊರಾವರಣವಾದ ಕರೋನಾದಿಂದ ಎಡೆಬಿಡದೆ ಹೊಮ್ಮುವ ಪ್ರೋಟಾನ್, ಎಲೆಕ್ಟ್ರಾನ್‌ಗಳ ಹರಿವೇ ಸೌರಮಾರುತ. ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಸಾಗಿದರೂ ಭೂಮಿಯ ಬಳಿಗೆ ಬರಲು ಅದಕ್ಕೆ ನಾಲ್ಕು ದಿನ ಬೇಕು. ಭೂಮಿಯ ಕಾಂತಕ್ಷೇತ್ರ ಅದನ್ನು ಸುಮಾರು 65,000 ಕಿ.ಮೀ. ದೂರದಲ್ಲೇ ತಡೆದು, ಬಂಡೆಗೆ ಬಡಿದ ಹೊಳೆನೀರಿನಂತೆ ಇಬ್ಬದಿಗೆ ಸರಿಸುತ್ತದೆ. ಈ ಕಾಂತಗೋಳ ಹಗಲಿನ ಕಡೆ ಅಮುಕಿಕೊಂಡಿದ್ದು, ಇರುಳಿನ ಕಡೆ ಚಂದ್ರನ ಕಕ್ಷೆಯನ್ನೂ ದಾಟಿ ಚಾಚಿರುತ್ತದೆ. ಇಂಥ ಕಾಂತಗೋಳವಿಲ್ಲದ ಮಂಗಳನ ವಾತಾವರಣವನ್ನು ಸೌರಮಾರುತ ಇಂದಿಗೂ ಸವೆಸುತ್ತಿದೆ.

ತಡೆ ಸದಾ ಒಂದೇ ಸಮನಾಗಿರುವುದಿಲ್ಲ. ಸೌರಮಾರುತ ಹೊತ್ತು ತರುವ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ದರೆ, ಅದು ಭೂಮಿಯ ಬಲರೇಖೆಗಳೊಂದಿಗೆ ಬೆಸೆದುಕೊಂಡು ಶಕ್ತಿ ಒಳನುಗ್ಗುತ್ತದೆ. ಆಗ ಧ್ರುವಗಳ ಸುತ್ತ ಆಗಸ ಬೆಳಗುತ್ತದೆ. 2024ರ ಮೇ ತಿಂಗಳಲ್ಲಿ ಹೀಗೆ ಎದ್ದ ಕಾಂತೀಯ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯಲ್ಲೂ ಕೆಂಪು ಪ್ರಭೆ ಕ್ಯಾಮೆರಾದಲ್ಲಿ ಸೆರೆಯಾಯಿತು. ಕಾಂತೀಯ ಸಮಭಾಜಕಕ್ಕೆ ಸಮೀಪವಿರುವ ಮೈಸೂರಿನಲ್ಲಿ ಈ ಬೆಳಕು ಕಾಣುವುದಿಲ್ಲ. ಆದರೆ ಭೂಮಿಯನ್ನು ಬಳಸಿ ಹರಿಯುವ ವಿದ್ಯುತ್ ಪ್ರವಾಹ ಬಲಗೊಂಡು, ಇಲ್ಲಿನ ನೆಲಮಟ್ಟದ ಕಾಂತಕ್ಷೇತ್ರವೂ ತುಸು ಕುಗ್ಗುತ್ತದೆ.

2023ರ ಸೆಪ್ಟೆಂಬರ್ 2ರಂದು ಹೊರಟ ಇಸ್ರೋದ ಆದಿತ್ಯ-ಎಲ್1 ನೌಕೆ, ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದಲ್ಲಿದ್ದು ಸೌರಮಾರುತವನ್ನು ಅಳೆಯುತ್ತಿದೆ. ಅದರ ಕಾಂತಮಾಪಕ ತಯಾರಾದದ್ದು ಬೆಂಗಳೂರಿನಲ್ಲಿ. ನೌಕೆಯನ್ನು ದಾಟಿದ ಸೌರಮಾರುತ ಭೂಮಿಯನ್ನು ತಲುಪಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಮಾರುತ ವೇಗವಾಗಿದ್ದರೆ ಇನ್ನೂ ಕಡಿಮೆ.