ಎರಡೂವರೆ ಸೂತಿನ ರಾಡು

2008ರ ಮೇ 29ರಂದು ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಒಂದು ತ್ರೀಡಿ ಪ್ರಿಂಟರ್ ಮರಿ ಹಾಕಿತು. ಡಾರ್ವಿನ್ ಎಂಬ ಹೆಸರಿನ ಆ ತಾಯಿಯಂತ್ರದ ಪ್ಲಾಸ್ಟಿಕ್ ಭಾಗಗಳು ಒಂದು ದುಬಾರಿ ಪ್ರಿಂಟರಿನಲ್ಲಿ ತಯಾರಾಗಿದ್ದವು. ಮರಿಯ ಪ್ಲಾಸ್ಟಿಕ್ ಭಾಗಗಳನ್ನು ಮಾತ್ರ ತಾಯಿಯೇ ಮಾಡಿತ್ತು. ಜೋಡಣೆ ಮುಗಿದ ಕೆಲವೇ ನಿಮಿಷಗಳಲ್ಲಿ ಮರಿಯು ಮೊಮ್ಮಗುವಿಗೆ ಬೇಕಾದ ಮೊದಲ ಭಾಗವನ್ನು ಎರೆದುಕೊಟ್ಟಿತು. ಆ ದಿನದ ಪಟದಲ್ಲಿ ಎರಡು ಯಂತ್ರಗಳ ಜೊತೆ ನಿಂತಿರುವವರು ಏಡ್ರಿಯನ್ ಬೋಯರ್ ಮತ್ತು ನ್ಯೂಜಿಲೆಂಡಿನ ವಿಕ್ ಆಲಿವರ್.

ನಾನು ಪಾಲಿಟೆಕ್ನಿಕ್ಕಿನಲ್ಲಿ ಮಷೀನ್ ಡ್ರಾಯಿಂಗ್ ಕಲಿಸುವವನು. ರೆಪ್‌ರ‍್ಯಾಪ್ ಎಂಬ ಈ ಪ್ರಿಂಟರ್ ಯೋಜನೆಯ ಚರಿತ್ರೆಯನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ನಕ್ಷೆ ಯಾರದು, ಅದನ್ನು ಯಾರು ತಿದ್ದಬಹುದು, ತಿದ್ದಿದ ಮೇಲೆ ಅದು ಯಾರ ಪಾಲಾಗಬೇಕು ಎಂಬ ಪ್ರಶ್ನೆಗಳು ಇಷ್ಟು ಸ್ಪಷ್ಟವಾಗಿ ಎದುರಾಗುವ ಯಂತ್ರ ನನಗೆ ಇನ್ನೊಂದು ಗೊತ್ತಿಲ್ಲ.

ತನ್ನಂಥದ್ದನ್ನೇ ಮಾಡುವ ಯಂತ್ರದ ವಿಚಾರವನ್ನು ಬೋಯರ್ ಮುಂದಿಟ್ಟಿದ್ದು 2004ರಲ್ಲಿ. ನಟ್ಟು, ಬೋಲ್ಟು, ಮೋಟಾರು, ಸರಳುಗಳಂಥವನ್ನು ಅಂಗಡಿಯಿಂದ ತಂದರೆ, ಮಿಕ್ಕ ಭಾಗಗಳನ್ನೆಲ್ಲ ತಾನೇ ಮಾಡಿಕೊಳ್ಳುವ ಯಂತ್ರ ಅದು. ಜೋಡಿಸಲು ಮನುಷ್ಯನ ಕೈ ಬೇಕು. ಹೂವಿಗೂ ಜೇನುನೊಣಕ್ಕೂ ಇರುವ ಸಂಬಂಧವೇ ಇಲ್ಲೂ ಇದೆ ಎಂದು ಅವರು ವಿವರಿಸುತ್ತಿದ್ದರು. ನಮಗೆ ಬೇಕಾದ ವಸ್ತುಗಳನ್ನು ಯಂತ್ರ ಮಾಡಿಕೊಡುತ್ತದೆ, ಅದರ ಸಂತಾನ ಬೆಳೆಯಲು ನಾವು ನೆರವಾಗುತ್ತೇವೆ. ಡಾರ್ವಿನ್, ಮೆಂಡೆಲ್, ಹಕ್ಸ್‌ಲಿ ಎಂದು ಯಂತ್ರದ ಮಾದರಿಗಳಿಗೆ ಜೀವವಿಜ್ಞಾನಿಗಳ ಹೆಸರಿಟ್ಟಿದ್ದೂ ಇದೇ ಕಾರಣಕ್ಕೆ.

ಇದನ್ನು ಮುಕ್ತವಾಗಿ ಹಂಚಿದ್ದು ಬರೀ ಔದಾರ್ಯದಿಂದ ಅಲ್ಲ. ತನ್ನಂಥದ್ದನ್ನೇ ಮಾಡುವ ಯಂತ್ರವನ್ನು ಮಾರಲು ಹೊರಟರೆ ಒಂದೇ ಒಂದನ್ನು ಮಾರಬಹುದು, ಕೊಂಡವನು ಮಿಕ್ಕವರಿಗೆಲ್ಲ ಮಾಡಿಕೊಡುತ್ತಾನೆ. ಕಾವಲು ಕಾಯಲು ಆಗದ್ದಕ್ಕೆ ಬೇಲಿ ಹಾಕಿ ಫಲವಿಲ್ಲ ಎಂಬುದು ಬೋಯರ್ ಅವರ ತರ್ಕ. ಹಾಗಾಗಿ ನಕ್ಷೆ, ತಂತ್ರಾಂಶ ಎರಡನ್ನೂ ಅವರು ಜಿಪಿಎಲ್ ಎಂಬ ಪರವಾನಗಿಯಡಿ ಬಿಟ್ಟರು. ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಮಾರಲೂಬಹುದು. ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡುವಾಗ ಅದರ ಮೂಲವನ್ನೂ ಇದೇ ಷರತ್ತಿನ ಮೇಲೆ ಕೊಡಬೇಕು. ಹಂಚಿಕೆಯ ಜೊತೆಗೆ ಋಣವನ್ನೂ ಕಟ್ಟಿಕೊಟ್ಟ ಈ ಷರತ್ತೇ ನನ್ನ ಕಣ್ಣಿಗೆ ಇಡೀ ಕಥೆಯ ಜೀವಾಳ.

ಈ ಯಂತ್ರಗಳು ಬಳಸುವ, ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರದ ಮೇಲೆ ಪದರ ಹಾಕುವ ವಿಧಾನಕ್ಕೆ ಅಮೆರಿಕದ ಸ್ಕಾಟ್ ಕ್ರಂಪ್ 1989ರಲ್ಲಿ ಅರ್ಜಿ ಹಾಕಿ 1992ರಲ್ಲಿ ಪೇಟೆಂಟ್ ಪಡೆದಿದ್ದರು. ಅವರ ಕಂಪನಿ ಸ್ಟ್ರಾಟಸಿಸ್. ಆ ಪೇಟೆಂಟಿನ ಅವಧಿ ಮುಗಿದಿದ್ದು 2009ರಲ್ಲಿ. ಆಮೇಲೆ ಯಂತ್ರಗಳು ಎಲ್ಲೆಡೆ ಹಬ್ಬಿದವು.

ಮರುವರ್ಷ ಪ್ರಾಗ್ ನಗರದ ಯೋಸೆಫ್ ಪ್ರೂಸಾ, ಆಗಿನ್ನೂ ಅರ್ಥಶಾಸ್ತ್ರದ ವಿದ್ಯಾರ್ಥಿ, ಮೆಂಡೆಲ್ ಯಂತ್ರವನ್ನು ಸರಳಗೊಳಿಸಿದ. ಭಾಗಗಳ ಆಕಾರವನ್ನು ಓಪನ್‌ಸ್ಕ್ಯಾಡ್ ಎಂಬ ತಂತ್ರಾಂಶದಲ್ಲಿ ಬರೆದಿಟ್ಟ. ಇಲ್ಲಿ ಚಿತ್ರ ಬಿಡಿಸುವುದಿಲ್ಲ, ಅಕ್ಷರ ಮತ್ತು ಅಂಕಿಗಳಲ್ಲೇ ಆಕಾರವನ್ನು ಬರೆಯುತ್ತಾರೆ. ಪ್ರಿಂಟರಿಗೆ ಕೊಡುವ ಸಿದ್ಧ ಫೈಲಿನಲ್ಲಿ ಮೇಲ್ಮೈಯ ತ್ರಿಕೋನಗಳು ಮಾತ್ರ ಇರುತ್ತವೆ. ತೂತು ಯಾಕೆ ಅಷ್ಟೇ ದೊಡ್ಡದು ಎಂಬ ಲೆಕ್ಕ ಅದರಲ್ಲಿ ಸಿಗುವುದಿಲ್ಲ. ಆ ಲೆಕ್ಕ ಉಳಿದಿರುವುದು ಪ್ರೂಸಾ ಕೊಟ್ಟಂಥ ಬರಹದಲ್ಲಿ. ಯಂತ್ರದ ‘ಮೂಲ’ ಎಂದು ನಾನು ಒಪ್ಪುವುದು ಅದನ್ನೇ.

ನಮ್ಮ ಲ್ಯಾಬಿನಲ್ಲಿ ಹುಡುಗರ ಜೊತೆ ಪ್ರೂಸಾ ಮೆಂಡೆಲ್ ಕಟ್ಟಿದಾಗ ಇದು ಮನದಟ್ಟಾಯಿತು. ಮೋಟಾರು, ಬೋರ್ಡು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಂದವು. ನಕ್ಷೆ ಕೇಳಿದ್ದು ಎಂಟು ಮಿಲಿಮೀಟರಿನ ಥ್ರೆಡ್ ರಾಡು. ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಇದ್ದದ್ದು ಎರಡೂವರೆ ಸೂತಿನದು, ಅಂದರೆ ಇಂಚಿನ ಹದಿನಾರನೇ ಐದು ಭಾಗ. ದಪ್ಪದಲ್ಲಿ ಕೂದಲೆಳೆಯ ವ್ಯತ್ಯಾಸ, ಮರೆಯಲ್ಲಿ, ಅಂದರೆ ಥ್ರೆಡ್ಡಿನಲ್ಲಿ, ದೊಡ್ಡ ವ್ಯತ್ಯಾಸ. ಎಂಟು ಮಿಲಿಮೀಟರಿನ ರಾಡು ಒಂದು ಸುತ್ತಿಗೆ 1.25 ಮಿಲಿಮೀಟರ್ ಏರಿಸುತ್ತದೆ. ಸೂತಿನ ರಾಡಿನಲ್ಲಿ ಇಂಚಿಗೆ 18 ಮರೆ, ಹಾಗಾಗಿ ಒಂದು ಸುತ್ತಿಗೆ 1.41. ಇಪ್ಪತ್ತು ಮಿಲಿಮೀಟರ್ ಎತ್ತರದ ಡಬ್ಬಿ ಕೇಳಿದರೆ ಇಪ್ಪತ್ತೆರಡೂವರೆಗಿಂತ ಎತ್ತರದ್ದು ಬರುತ್ತದೆ. ಬೋರ್ಡಿನೊಳಗೆ ಓಡುವ ತಂತ್ರಾಂಶ ಮಾರ್ಲಿನ್. ಸ್ಪ್ರಿಂಟರ್ ಮತ್ತು ಗ್ರಬ್ಲ್ ಎಂಬ ಹಿಂದಿನ ಎರಡು ತಂತ್ರಾಂಶಗಳಿಂದ 2011ರಲ್ಲಿ ಹುಟ್ಟಿದ್ದು, ಅದೂ ಜಿಪಿಎಲ್. ಅದರ ಫೈಲು ತೆರೆದು, ಒಂದು ಮಿಲಿಮೀಟರಿಗೆ 2560 ಹೆಜ್ಜೆ ಎಂದಿದ್ದ ಕಡೆ ಒಬ್ಬ ಹುಡುಗ 2268 ಎಂದು ಬರೆದ. ಡಬ್ಬಿ ಸರಿಯಾದ ಎತ್ತರಕ್ಕೆ ಬಂತು. ಮುಚ್ಚಿದ ಯಂತ್ರವಾಗಿದ್ದರೆ ಕಂಪನಿ ಹೇಳಿದ ರಾಡನ್ನೇ ಹುಡುಕಿ ಅಲೆಯಬೇಕಿತ್ತು. ಅಮೆರಿಕದಲ್ಲೂ ಇಂಚಿನ ರಾಡೇ ಸುಲಭವಾಗಿ ಸಿಗುವುದರಿಂದ ಪ್ರೂಸಾನ ಫೈಲುಗಳಿಗೆ ಇಂಚಿನ ರೂಪವೂ ಇತ್ತು.

2009ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಮೇಕರ್‌ಬಾಟ್ ಕಂಪನಿ ಬೆಳೆದದ್ದು ಇದೇ ನೆಲದಲ್ಲಿ. ಅದರ ಮೂವರು ಸ್ಥಾಪಕರಲ್ಲಿ ಝ್ಯಾಕ್ ಸ್ಮಿತ್ ರೆಪ್‌ರ‍್ಯಾಪ್‌ಗಾಗಿ ದುಡಿದವರು. 2012ರ ಸೆಪ್ಟೆಂಬರಿನಲ್ಲಿ ಕಂಪನಿ ತನ್ನ ಹೊಸ ಯಂತ್ರ ರೆಪ್ಲಿಕೇಟರ್ 2ರ ನಕ್ಷೆಗಳನ್ನು ಹಂಚಲಿಲ್ಲ. ಅಷ್ಟರಲ್ಲಿ ಕಂಪನಿಯಿಂದ ಹೊರಬಂದಿದ್ದ ಸ್ಮಿತ್ ಬಹಿರಂಗವಾಗಿಯೇ ನೊಂದುಕೊಂಡರು. ಮರುವರ್ಷ ಸ್ಟ್ರಾಟಸಿಸ್ಸೇ ಮೇಕರ್‌ಬಾಟನ್ನು 40 ಕೋಟಿ ಡಾಲರಿಗೂ ಹೆಚ್ಚು ಬೆಲೆಯ ಷೇರುಗಳಿಗೆ ಕೊಂಡಿತು. ಅನೇಕರು ಕೈಜೋಡಿಸಿ ಬೆಳೆಸಿದ್ದಕ್ಕೆ ಹೀಗೆ ಬೀಗ ಬಿದ್ದದ್ದು ಅನ್ಯಾಯವೆಂದೇ ನನ್ನ ಭಾವನೆ.

ಅನ್ಯಾಯ ಎಂದರೂ ಕಾನೂನಿನ ಹಿಡಿತ ಇಲ್ಲಿ ಸಡಿಲ. ಜಿಪಿಎಲ್ ನಿಂತಿರುವುದು ಕಾಪಿರೈಟಿನ ಮೇಲೆ. ತಂತ್ರಾಂಶ ಬರಹವೇ ಆದ್ದರಿಂದ ಅದರಲ್ಲಿ ಪೂರ್ತಿ ಸಿಕ್ಕುತ್ತದೆ. ನಕ್ಷೆಯ ಫೈಲೂ ಸಿಕ್ಕುತ್ತದೆ. ಆದರೆ ನಕ್ಷೆ ನೋಡಿ ಮಾಡಿದ ಕಬ್ಬಿಣ, ಪ್ಲಾಸ್ಟಿಕ್ಕಿನ ಉಪಯುಕ್ತ ವಸ್ತು ಸಾಮಾನ್ಯವಾಗಿ ಅದರ ಕೈಗೆ ಸಿಗುವುದಿಲ್ಲ. ಯಂತ್ರವನ್ನು ಬಿಚ್ಚಿ ಅಳತೆ ತೆಗೆದು ಹೊಸದಾಗಿ ನಕ್ಷೆ ಬರೆದವನನ್ನು ಹಿಡಿಯುವುದು ಕಷ್ಟ. ಚೀನಾದ ಕ್ರಿಯಾಲಿಟಿ ಕಂಪನಿ 2018ರಲ್ಲಿ ತನ್ನ ಎಂಡರ್-3 ಪ್ರಿಂಟರಿನ ನಕ್ಷೆಗಳನ್ನು ಹೊರಗಿಟ್ಟಿತಲ್ಲ, ಅದರ ಹಿಂದೆ ಬಳಕೆದಾರರ ಒತ್ತಾಯ ಇತ್ತು. ಅದರೊಳಗಿನ ಮಾರ್ಲಿನ್‌ನ ಮೂಲ ಕೊಡುವ ಹೊಣೆ ಮಾತ್ರ ಜಿಪಿಎಲ್‌ನಿಂದಲೇ ಬಂದದ್ದು.

ಈ ಸಡಿಲನ್ನು ಬಿಗಿ ಮಾಡುವ ಪ್ರಯತ್ನ ನಡೆದದ್ದು ಜಿನೀವಾದ ಬಳಿ, ಕಣಭೌತಶಾಸ್ತ್ರದ ಪ್ರಯೋಗಾಲಯ ಸೆರ್ನ್‌ನಲ್ಲಿ. ಅಲ್ಲಿನವರು ತಮ್ಮ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಹಂಚಲೆಂದು 2011ರಲ್ಲಿ ಯಂತ್ರಾಂಶಕ್ಕೇ ಒಂದು ಪರವಾನಗಿ ಬರೆದರು. 2020ರಲ್ಲಿ ಅದರ ಎರಡನೇ ಆವೃತ್ತಿ ಬಂತು. ಅದರ ಅತಿ ಬಿಗಿಯಾದ ರೂಪದ ಪ್ರಕಾರ, ಆ ನಕ್ಷೆಯಿಂದ ವಸ್ತು ಮಾಡಿ ಮಾರುವವನು ಅದರ ಮೂಲ ಎಲ್ಲಿ ಸಿಗುತ್ತದೆ ಎಂದು ಕೊಂಡವನಿಗೆ ತಿಳಿಸಬೇಕು, ತಿದ್ದಿದ್ದರೆ ತಿದ್ದಿದ ಮೂಲವನ್ನೂ ಕೊಡಬೇಕು. ನಮ್ಮ ಹುಡುಗರು ಈ ವರ್ಷದ ಯೋಜನಾ ವರದಿಗಳ ಮೊದಲ ಪುಟದಲ್ಲಿ ಇದೇ ಪರವಾನಗಿಯ ಹೆಸರು ಬರೆಯುತ್ತಿದ್ದಾರೆ.