ಜವಳು ನೆಲಕ್ಕೆ ಆಸ್ಟ್ರೇಲಿಯಾದ ಪೊದೆಸಸ್ಯಗಳ ಆಯ್ಕೆ: ದಾವಣಗೆರೆ–ಹರಿಹರ ಪರಿಸರದ ವಿವೇಚನೆ

ಆಸ್ಟ್ರೇಲಿಯಾ ಮೂಲದ ಸಸ್ಯಗಳ ಕುರಿತ ಚರ್ಚೆ ಹರಿಹರದ ಸುತ್ತಮುತ್ತ ಬಹುಕಾಲ ನೀಲಗಿರಿಯನ್ನೇ ಸುತ್ತಿದೆ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾದ ಮೇಲೆ ಮರದ ತಿರುಳಿಗಾಗಿ ನೀಲಗಿರಿಗೆ ಬೇಡಿಕೆ ಹೆಚ್ಚಿತು. ಊರೊಟ್ಟಿನ ಭೂಮಿ ನೆಡುತೋಪಾಗುವುದನ್ನು ವಿರೋಧಿಸಿ 1987ರ ನವೆಂಬರ್‌ನಲ್ಲಿ ಹಾನಗಲ್ ತಾಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಅದೇ ಖಂಡದ ಪೊದೆಸಸ್ಯಗಳು, ಎಂದರೆ ಬುಡದಿಂದಲೇ ಹಲವು ಕಾಂಡ ಒಡೆಯುವ ಗಿಡ್ಡ ಸಸ್ಯಗಳು, ಯಾವ ನೆಲಕ್ಕೆ ಒಗ್ಗುತ್ತವೆ ಎಂಬುದು ಬೇರೆಯೇ ಪ್ರಶ್ನೆ.

ತೇವ ಮತ್ತು ಹೆಪ್ಪುಗಟ್ಟುವ ಚಳಿ ಸಸ್ಯವನ್ನು ಎರಡು ಬಗೆಯಲ್ಲಿ ಪರೀಕ್ಷಿಸುತ್ತವೆ. ಚಳಿಯಲ್ಲಿ ಎಳೆ ಚಿಗುರಿನ ಅಂಗಾಂಶದ ನೀರು ಗಡ್ಡೆಯಾಗಿ ಜೀವಕೋಶಗಳು ಹಾಳಾಗುತ್ತವೆ; ನಿಂತ ನೀರಿನಲ್ಲಿ ಮಣ್ಣಿನ ರಂಧ್ರಗಳಿಂದ ಗಾಳಿ ಹೊರಬಿದ್ದು, ಆಮ್ಲಜನಕ ಸಿಗದ ಬೇರು ಕೊಳೆಯುತ್ತದೆ. ಊಟಿಯ ಕಣಿವೆಗಳಲ್ಲಿ ಚಳಿಯೂ ನಿಜವಾದ ಅಪಾಯ. ದಾವಣಗೆರೆ ಸೀಮೆಯಲ್ಲಿ ನಿಂತ ನೀರೇ ನಿರ್ಣಾಯಕ, ಏಕೆಂದರೆ ಭದ್ರಾ ನಾಲೆಯ ಅಚ್ಚುಕಟ್ಟಿನ ಎರೆಮಣ್ಣು ನೀರು ಕುಡಿದು ಉಬ್ಬಿ, ಬಸಿಗಾಲುವೆ ಇಲ್ಲದ ತಗ್ಗಿನಲ್ಲಿ ಜವಳಾಗುತ್ತದೆ.

ಈ ಎರಡು ಪರೀಕ್ಷೆಗಳನ್ನೂ ತಕ್ಕಮಟ್ಟಿಗೆ ಎದುರಿಸಬಲ್ಲ ಪೊದೆ ಕೆಂಪು ಬಾಟಲ್ ಬ್ರಷ್, ಅಂದರೆ ಮೆಲಲ್ಯೂಕ ಸಿಟ್ರಿನ. ಪೂರ್ವ ಆಸ್ಟ್ರೇಲಿಯಾದ ಹಳ್ಳದಂಚು ಮತ್ತು ಜೌಗು ನೆಲ ಇದರ ತವರಾದ್ದರಿಂದ ತೇವವನ್ನೂ ಲಘು ಹಿಮವನ್ನೂ ಇದು ತಾಳುತ್ತದೆ. ಇದರ ಹೂಗೊಂಚಲಿಗೆ ಬಣ್ಣ ಕೊಡುವುದು ದಳಗಳಲ್ಲ, ಉದ್ದನೆಯ ಕೇಸರಗಳು. ಹೂವು ಬಾಡಿದ ಮೇಲೆ ಗೊಂಚಲಿನ ತುದಿಯೇ ಚಿಗುರಿ ಮುಂದೆ ಬೆಳೆಯುತ್ತದೆ, ಗಟ್ಟಿ ಬೀಜಕೋಶಗಳು ಮಣಿಗಳಂತೆ ಟೊಂಗೆಗೆ ಅಂಟಿ ವರ್ಷಗಟ್ಟಲೆ ಉಳಿಯುತ್ತವೆ. ಆದ್ದರಿಂದ ಹೂವು ಮುಗಿದೊಡನೆ ಗೊಂಚಲಿನ ಕೆಳಗೆ ಸವರಿದರೆ ಪೊದೆ ದಟ್ಟವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಕಾಫಿ ತೋಟಗಳಲ್ಲಿ ಪರಿಚಿತವಾದ ಸಿಲ್ವರ್ ಓಕ್ ಮರ ಅದೇ ಪೂರ್ವ ಆಸ್ಟ್ರೇಲಿಯಾದ್ದಾದರೂ ನಿಂತ ನೀರನ್ನು ಸಹಿಸದು. ಖಂಡದ ಹೆಸರಿಗಿಂತ ತವರಿನ ನೆಲ ಮುಖ್ಯವೆಂಬುದಕ್ಕೆ ಇದೇ ಪುರಾವೆ.

ಹೀಗಾಗಿ ಆಯ್ಕೆಯ ಮೊದಲ ಹೆಜ್ಜೆ ನೆಲವನ್ನು ಅರಿಯುವುದು. ಗುಂಡಿ ತೋಡಿ ನೀರು ತುಂಬಿಸಿದಾಗ ಮರುದಿನವೂ ಅದು ಇಂಗದಿದ್ದರೆ ಏರುಮಡಿ ಮಾಡಿ ನೆಡುವುದು ಲೇಸು. ಬಾಟಲ್ ಬ್ರಷ್ ಮನೆಯಂಗಳ ಮತ್ತು ಉದ್ಯಾನಗಳಿಗೆ ಸಲ್ಲುವ ಗಿಡ. ಹೊಳೆದಂಡೆ ಮತ್ತು ಗೋಮಾಳಗಳಲ್ಲಿ ಜವಳನ್ನೂ ಬರವನ್ನೂ ತಾಳುವ, ನೆರಳನ್ನೂ ಎಣ್ಣೆಬೀಜವನ್ನೂ ಕೊಡುವ ನಾಡಿನ ಹೊಂಗೆಗೇ ಮೊದಲ ಸ್ಥಾನ ಸಲ್ಲಬೇಕು.