ಭತ್ತದ ಹುಲ್ಲು ಮತ್ತು ಚಿಪ್ಪಣಬೆ: ಸ್ವಲ್ಪ ಇತಿಹಾಸ, ಸ್ವಲ್ಪ ಅನುಭವ

ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಮೇಷ್ಟ್ರೇ ಎಂದು ಕಾರ್ಯದರ್ಶಿಗಳು ಮನೆ ಬಾಗಿಲಿಗೇ ಬಂದು ಕೇಳಿದರು. ಹಾಲಿನ ವಿಷಯ ಬರೆಯೋರು ಬೇಕಾದಷ್ಟು ಜನ ಇದ್ದಾರೆ, ನಾನು ಅಣಬೆ ವಿಷಯ ಬರೀತೀನಿ ಅಂದೆ. "ಇನ್ನೂ ಬಿಟ್ಟಿಲ್ವಾ ಆ ಹುಚ್ಚು?" ಎಂದು ನಕ್ಕರು. ಬಿಟ್ಟಿಲ್ಲ. ಹಾಲು ಉತ್ಪಾದಕರ ಸಂಘಕ್ಕೂ ಅಣಬೆಗೂ ಏನು ಸಂಬಂಧ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಹುಲ್ಲು. ಹಸು ತಿನ್ನುವ ಭತ್ತದ ಹುಲ್ಲಿನ ಮೇಲೆಯೇ ಈ ಅಣಬೆಯೂ ಬೆಳೆಯುತ್ತದೆ. ನಮ್ಮ ದೇಶದಲ್ಲಿ ಅದನ್ನು ತೋರಿಸಿಕೊಟ್ಟದ್ದು ನಮ್ಮ ಮೈಸೂರೇ ಎಂಬುದು ಸದಸ್ಯ ಬಂಧುಗಳಲ್ಲಿ ಬಹಳ ಮಂದಿಗೆ ತಿಳಿದಿರಲಾರದು.

ಅಣಬೆ ನಮಗೇನೂ ಹೊಸದಲ್ಲ. ಮುಂಗಾರಿನ ಗುಡುಗು ಕೇಳಿದ ಮೇಲೆ ಹುತ್ತದ ಸುತ್ತ ಅಣಬೆ ಏಳುತ್ತಿದ್ದವು, ಹುಡುಗರಾಗಿದ್ದಾಗ ಕುಕ್ಕೆ ಹಿಡ್ಕೊಂಡು ಓಡುತ್ತಿದ್ದೆವು. ಗುಡುಗಿಗೇ ಅಣಬೆ ಹುಟ್ಟುತ್ತೆ ಅಂತ ನಮ್ಮಜ್ಜಿ ಹೇಳ್ತಿದ್ದರು. ನಿಜವಾದ ಗುಟ್ಟು ನೆಲದೊಳಗಿದೆ. ಗೆದ್ದಲು ಹುತ್ತದೊಳಗೆ ತನ್ನ ಆಹಾರಕ್ಕಾಗಿ ಒಂದು ಶಿಲೀಂಧ್ರವನ್ನು ಸಾಕಿಕೊಂಡಿರುತ್ತದೆ, ಮಳೆ ಬಿದ್ದಾಗ ಅದೇ ಅಣಬೆಯಾಗಿ ಮೇಲೆ ಬರುತ್ತದೆ. ಗೆದ್ದಲಿಲ್ಲದೆ ಅದು ಬಾಳದು, ಆದ್ದರಿಂದ ಮನೆಯಲ್ಲಿ ಬೆಳೆಸಲು ಆಗದು. ಉಳಿದವೆಲ್ಲ ಜನರ ಬಾಯಲ್ಲಿ ನಾಯಿಕೊಡೆ. ವಿಷದ ಜಾತಿಗಳೂ ಇರುವುದರಿಂದ ಆ ಹೆದರಿಕೆ ಸುಳ್ಳೂ ಅಲ್ಲ. ಹೀಗಾಗಿ ಅಣಬೆ ಆರಿಸಿ ತರುವ ವಸ್ತುವೇ ಹೊರತು ಬೆಳೆ ಎಂದು ಯಾರೂ ಎಣಿಸಿರಲಿಲ್ಲ.

ಚಿಪ್ಪಣಬೆಯ ಸಂಗತಿ ಬೇರೆ. ಕಪ್ಪೆಚಿಪ್ಪಿನ ಆಕಾರದ ಈ ಅಣಬೆ ಕಾಡಿನಲ್ಲಿ ಸತ್ತ ಮರದ ಮೇಲೆ ಪದರ ಪದರವಾಗಿ ಬರುತ್ತದೆ. ಮರದಲ್ಲಿರುವ ಲಿಗ್ನಿನ್ ಎಂಬ ಗಟ್ಟಿ ಅಂಶವನ್ನು ಕರಗಿಸುವ ಶಕ್ತಿ ಇದಕ್ಕಿದೆ. ಇದನ್ನು ಬೇಕೆಂದೇ ಬೆಳೆಸಿದ ಮೊದಲಿಗರಲ್ಲಿ ಜರ್ಮನಿಯ ರಿಚರ್ಡ್ ಫಾಲ್ಕ್ ಹೆಸರು ಬರುತ್ತದೆ. ಕಾಲ 1917. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಸಮುದ್ರದ ದಾರಿ ಮುಚ್ಚಿತ್ತು. 1916-17ರ ಚಳಿಗಾಲದಲ್ಲಿ ಆಲೂಗಡ್ಡೆ ಕೈಕೊಟ್ಟು, ದನಕ್ಕೆ ಹಾಕುವ ಗೆಡ್ಡೆಯನ್ನು ಜನ ತಿಂದು ಜೀವ ಹಿಡಿದರು. ಅಂಥ ಹೊತ್ತಿನಲ್ಲಿ ಕಡಿದ ಮರಗಳ ಬೊಡ್ಡೆಯ ಮೇಲೆ ಫಾಲ್ಕ್ ಈ ಅಣಬೆ ಬೆಳೆಸಿದರು. ಹೊಟ್ಟೆಗಿಲ್ಲದ ಕಾಲದಲ್ಲಿ ಬಂದ ಬೆಳೆ ಇದು, ಶ್ರೀಮಂತರ ಊಟಕ್ಕೆಂದು ಹುಟ್ಟಿದ್ದಲ್ಲ. ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ, ಯಾಕೆಂದರೆ ಅಣಬೆ ಅಂದರೆ ದೊಡ್ಡ ಹೋಟೆಲಿನ ತಿಂಡಿ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ.

ಈಗ ಮೈಸೂರಿಗೆ ಬರೋಣ. ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಜನ ಸಿ.ಎಫ್.ಟಿ.ಆರ್.ಐ. ಎನ್ನುವ ಸಂಸ್ಥೆ, ಶುರುವಾಯಿತು. ಅಲ್ಲಿನ ಝಕಿಯಾ ಬಾನೋ ಮತ್ತು ಎಚ್.ಸಿ. ಶ್ರೀವಾಸ್ತವ ಅವರು ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆದು 1962ರಲ್ಲಿ ಅದರ ವರದಿ ಪ್ರಕಟಿಸಿದರು. ಮರದ ಬೊಡ್ಡೆ ಎಲ್ಲರ ಮನೆಯಲ್ಲಿರುವುದಿಲ್ಲ. ಹುಲ್ಲಿನ ಮೆದೆ ಇದ್ದೇ ಇರುತ್ತೆ. ಅದೇ ಇದರ ಮಹತ್ವ. ಗುಂಡಿ ಅಣಬೆ, ಅಂದರೆ ಪೇಟೆಯ ಬಟನ್ ಅಣಬೆಗೆ ವಾರಗಟ್ಟಲೆ ಕಳಿಸಿದ ಗೊಬ್ಬರ ಬೇಕು, ತಂಪು ಹವೆ ಬೇಕು. ಇದಕ್ಕೆ ಎರಡೂ ಬೇಡ. ಝಕಿಯಾ ಬಾನೋ ಆಮೇಲೆಯೂ ಬಹಳ ವರ್ಷ ಇದೇ ಕೆಲಸದಲ್ಲಿದ್ದರು. ಎಸ್. ರಾಜರತ್ನಂ ಅವರೊಡನೆ ಚಿಪ್ಪಣಬೆಯ ಮೇಲೆ ಅವರು ಬರೆದ ದೀರ್ಘ ಲೇಖನಮಾಲೆ 1987ರಿಂದ ಹೊರದೇಶದ ಪತ್ರಿಕೆಯಲ್ಲಿ ಬಂತು. ನಮ್ಮೂರಿಂದ ಬಸ್ಸು ಹತ್ತಿದರೆ ಮೈಸೂರು ಮಧ್ಯಾಹ್ನದೊಳಗೆ ಸಿಗುತ್ತೆ. ಆ ವಿದ್ಯೆ ನಮ್ಮೂರಿಗೆ ಬರುವುದಕ್ಕೆ ಮಾತ್ರ 40 ವರ್ಷ ದಾಟಿತು.

ಉತ್ತರದಲ್ಲೂ ಕೆಲಸ ನಡೆದಿತ್ತು. ಹಿಮಾಲಯದ ತಪ್ಪಲಲ್ಲಿ ಒಣಗಿದ ಕಳ್ಳಿಗಿಡದ ಕಾಂಡದ ಮೇಲೆ ಏಳುವ ಚಿಪ್ಪಣಬೆಗೆ ಅಲ್ಲಿ ಢಿಂಗ್ರಿ ಎನ್ನುತ್ತಾರೆ. 1970ರಲ್ಲಿ ಕೌಲ್ ಮತ್ತು ಜನಾರ್ದನನ್ ಅದನ್ನು ಕಳ್ಳಿ ಕಾಂಡದ ಮೇಲೆಯೇ ಬೆಳೆದರು. 1974ರಲ್ಲಿ ಜಂಡೈಕ್ ಮತ್ತು ಕಪೂರ್ ಕತ್ತರಿಸಿದ ಹುಲ್ಲಿಗೆ ಅದನ್ನು ಒಗ್ಗಿಸಿದರು. 1983ರಲ್ಲಿ ಸೋಲನ್‌ನಲ್ಲಿ ಅಣಬೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಬಂತು. ನಮ್ಮ ಕಡೆ ಬೆಂಗಳೂರು ಹತ್ತಿರದ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರೂ ಬೀಜ, ತರಬೇತಿ ಕೊಡತೊಡಗಿದರು.

ನಾನು ಕೈ ಹಾಕಿದ್ದು 2004ರ ಮಾರ್ಚಿಯಲ್ಲಿ. ಪೇಟೆಯ ಒಂದು ಅಂಗಡಿಯಲ್ಲಿ ಅಣಬೆ ಬೀಜ ತಂದೆ. ಬೀಜ ಅಂದರೆ ಬೇಯಿಸಿದ ಜೋಳದ ಕಾಳಿನ ಮೇಲೆ ಬೆಳೆಸಿದ ಬಿಳಿ ಶಿಲೀಂಧ್ರ. ಅದು ಎಷ್ಟು ಹಳೆಯದೋ ಕೇಳಲಿಲ್ಲ, ಮೇಲಾಗಿ ಬಸ್ಸಿನ ಇಂಜಿನ್ ಪಕ್ಕದಲ್ಲಿ ಇಟ್ಕೊಂಡು ಬಂದೆ. 10 ಚೀಲದಲ್ಲಿ 7 ಹಸಿರು ಬೂಸ್ಟು ಹಿಡಿದವು. ವಾಸನೆಗೆ ನಮ್ಮ ಮನೆಯವರು ನನ್ನನ್ನೂ ಚೀಲಗಳನ್ನೂ ಒಟ್ಟಿಗೆ ಹೊರಗೆ ಹಾಕಿದರು.

ಮಳೆಗಾಲದಲ್ಲಿ ಮತ್ತೆ ಹಿಡಿದೆ, ಈ ಸಲ ಕ್ರಮವಾಗಿ. ಹೊಸ ಹುಲ್ಲನ್ನು ಎರಡು ಅಂಗುಲಕ್ಕೆ ಕತ್ತರಿಸಿ ರಾತ್ರಿ ನೆನೆಸಬೇಕು. ಬೆಳಿಗ್ಗೆ ನೀರು ಬಸಿದು ಹಂಡೆಯ ಬಿಸಿ ನೀರಿನಲ್ಲಿ, ಸುಮಾರು 80 ಡಿಗ್ರಿ, ಒಂದು ಗಂಟೆಗೆ ಕಡಿಮೆಯಿಲ್ಲದಂತೆ ಇಡಬೇಕು. ಬೇರೆ ಬೂಸ್ಟುಗಳು ಸಾಯುವುದು ಇಲ್ಲಿಯೇ, ಸೌದೆ ಉಳಿಸೋಕೆ ಹೋದರೆ ಕೆಟ್ಟಿತು. ಆಮೇಲೆ ಆರಲು ಹರಡಬೇಕು. ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಪಾಲಿಥಿನ್ ಚೀಲಕ್ಕೆ ಒಂದು ಪದರ ಹುಲ್ಲು, ಅಂಚಿಗೆ ಒಂದಿಷ್ಟು ಬೀಜ, ಹೀಗೆ ತುಂಬಿ ಬಾಯಿ ಕಟ್ಟಿ ಅಲ್ಲಲ್ಲಿ ತೂತು ಮಾಡಿ ಕತ್ತಲೆ ಮೂಲೆಯಲ್ಲಿಡಬೇಕು. 15-20 ದಿನದಲ್ಲಿ ಹುಲ್ಲೆಲ್ಲ ಬೆಳ್ಳಗೆ ಗಡ್ಡೆ ಕಟ್ಟುತ್ತದೆ. ಆಗ ಚೀಲ ಕತ್ತರಿಸಿ ತೆಗೆದು, ಗಾಳಿ ಬೆಳಕು ಸ್ವಲ್ಪ ಬಿಟ್ಟು, ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿದರೆ ಒಂದು ವಾರದೊಳಗೆ ಕೊಯ್ಲು. ಅಂಚು ಮುದುಡುವ ಮೊದಲೇ ಕೀಳಬೇಕು. ತಡವಾದರೆ ಬೀಜಾಣು ಹಾರಿ ಕೆಲವರಿಗೆ ಕೆಮ್ಮು, ಉಬ್ಬಸ ಬರುತ್ತದೆ. ಎರಡು ಮೂರು ಕೊಯ್ಲು ಸೇರಿ ಒಂದು ಕಿಲೋ ಒಣಹುಲ್ಲಿಗೆ ಅರ್ಧ ಕಿಲೋಗೂ ಮೇಲೆ ಹಸಿ ಅಣಬೆ ಬಂದರೆ ಮನೆಮಟ್ಟಕ್ಕೆ ಚೆನ್ನಾಯ್ತು ಅಂತಲೇ ಲೆಕ್ಕ.

ನೋಡಿ ನೋಡಿ 2007ರ ಹೊತ್ತಿಗೆ 12 ಮನೆಯವರು ಹಾಕಿದರು, ಹೆಚ್ಚಿನವರು ಹೆಂಗಸರೇ. ಕಷ್ಟ ಶುರುವಾದದ್ದು ಅಲ್ಲಿಂದ. ಬೆಳೆಯೋದು ಸುಲಭ. ಬೀಜ ಬೇಕಾದ ವಾರಕ್ಕೆ ಸಿಗದು, ಬೆಳೆದದ್ದು ಎರಡನೇ ದಿನಕ್ಕೆ ಹಳದಿಯಾಗಿ ಲೋಳೆ ಕಟ್ಟುತ್ತದೆ. ಒಂದು ದಿನ 9 ಕಿಲೋ ಒಟ್ಟಾಯಿತು. ಪೇಟೆಯಲ್ಲಿ 2 ಕಿಲೋ ಹೋಯಿತು, ಉಳಿದದ್ದು ಸಂಜೆ ಬಸ್ಸಿಗೇ ವಾಪಸ್ ಬಂತು. ಆ ರಾತ್ರಿ ಬೀದಿಯೆಲ್ಲ ಅಣಬೆ ಸಾರಿನ ಘಮಲು! ಮರುವಾರ ಐದು ಮನೆಯವರು ಬಿಟ್ಟರು.

ಆಗ ನಾನು ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತೆ. ಹಾಲೂ ಒಂದೇ ದಿನದಲ್ಲಿ ಕೆಡುವ ವಸ್ತು, ಸಂಘ ಬರೋಕೆ ಮುಂಚೆ ಮಧ್ಯವರ್ತಿ ಹೇಳಿದ್ದೇ ಬೆಲೆಯಾಗಿತ್ತು, ಎರಡು ಹೊತ್ತೂ ತಪ್ಪದೆ ಕೊಳ್ಳುವವರು ಸಿಕ್ಕಮೇಲೆ ತಾನೇ ನಾವು ಹಸು ಕಟ್ಟಿದ್ದು ಅಂದೆ. ಬೀಜ ಒಟ್ಟಿಗೆ ತರಿಸಿ, ಕೊಯ್ಲಿನ ವಾರ ಹಂಚಿ, ಒಬ್ಬರೇ ಕೊಳ್ಳುವವರನ್ನು ಗೊತ್ತು ಮಾಡಿ ಎಂದು ಕೇಳಿದೆ. ಉಪವಿಧಿಯಲ್ಲಿ ಅವಕಾಶವಿಲ್ಲ ಎಂದರು. ಮತ್ತೊಬ್ಬ ಹಿರಿಯರು, ದನದ ಬಾಯಿಂದ ಹುಲ್ಲು ಕಿತ್ಕೊಂಡು ನಾಯಿಕೊಡೆಗೆ ಹಾಕ್ತೀರಾ ಅಂದರು. ಮೊದಲ ಮಾತು ಸರಿಯೇ ಇತ್ತು, ಉಪವಿಧಿ ತಿದ್ದಬಹುದೆಂದು ನನಗೆ ಆಗ ಹೊಳೆಯಲಿಲ್ಲ. ಎರಡನೆಯದಕ್ಕೆ ಉತ್ತರ ಹುಲ್ಲಿನಲ್ಲೇ ಇದೆ. ಶಿಲೀಂಧ್ರ ಲಿಗ್ನಿನ್ ಸಡಿಲಿಸಿರುವುದರಿಂದ ಕೊಯ್ಲಾದ ಹುಲ್ಲನ್ನು ಹಸುವಿಗೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಹಾಕಬಹುದು. ಹಸಿರು, ಕಪ್ಪು ಬೂಸ್ಟು ಬಂದದ್ದನ್ನೂ ಔಷಧಿಯಲ್ಲಿ ನೆನೆಸಿದ್ದನ್ನೂ ಮಾತ್ರ ಕೂಡದು, ಅದು ತಿಪ್ಪೆಗೆ.

ಈಗ ಉಳಿದಿರುವುದು ಮೂರೇ ಮನೆ. ಸರದಿ ಹಾಕ್ಕೊಂಡು ಬೆಳೀತೀವಿ, ವಾರಕ್ಕೆ ಒಬ್ಬರ ಕೊಯ್ಲು, ಹೆಚ್ಚಾದದ್ದನ್ನು ಬಿಸಿಲಿಗೆ ಒಣಗಿಸಿ ಡಬ್ಬಿಗೆ ಹಾಕ್ತೀವಿ. ನಮ್ಮ ಹಳೇ ಬಚ್ಚಲಿನಲ್ಲಿ ಈ ಹೊತ್ತು ನಾಲ್ಕು ಚೀಲ ತೂಗಾಡ್ತಿವೆ. ನಮ್ಮ ಹಸು ಮೊದಲ ಸಲ ಆ ಹುಲ್ಲು ಮೂಸಿ ಮುಖ ತಿರುಗಿಸಿತ್ತು. ಮೂರನೇ ದಿನ ಬಾಯಿ ಹಾಕಿತು, ಈಗ ಬಚ್ಚಲ ಬಾಗಿಲು ತೆರೆದ ಸದ್ದಿಗೇ ಕತ್ತು ಎತ್ತುತ್ತೆ.